‘ಸ್ಟಾಪ್’ ಸಕರ್ಮಕವೋ ಅಕರ್ಮಕವೋ? ಮಗಳಿಗೆ ಹೇಗೆ ತಿಳಿಸಿ ಹೇಳಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈ ವರ್ಷ ಎಂಟನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ್ದಾಳೆ. ಇಂಗ್ಲಿಷ್ ಕ್ರಿಯಾಪದಗಳಲ್ಲಿ ಕರ್ಮವಿರುವ ಸಕರ್ಮಕ ಯಾವುದು, ಕರ್ಮವಿಲ್ಲದ ಅಕರ್ಮಕ ಯಾವುದು ಎಂದು ಗುರುತಿಸುವುದು ಅವಳಿಗೆ ಬಹಳ ಕಷ್ಟವಾಗುತ್ತಿದೆ. ನಾನೇ ಎರಡು ಪಟ್ಟಿ ಬರೆದುಕೊಟ್ಟು ಬಾಯಿಪಾಠ ಮಾಡಿಸಿದೆ. ಆದರೂ ಮೊನ್ನೆಯ ಅಭ್ಯಾಸದಲ್ಲಿ ಮೂರು ತಪ್ಪಾದವು.

‘ದಿ ಡ್ರೈವರ್ ಸ್ಟಾಪ್ಡ್ ದಿ ಬಸ್’ ಎಂಬುದನ್ನು ಸಕರ್ಮಕ ಎಂದು ಸರಿಯಾಗಿ ಬರೆದವಳು, ‘ದಿ ಬಸ್ ಸ್ಟಾಪ್ಡ್ ನಿಯರ್ ದಿ ಬ್ರಿಜ್’ ಎಂಬುದನ್ನೂ ಸಕರ್ಮಕ ಎಂದಳು. ‘ಸ್ಟಾಪ್’ ನನ್ನ ಸಕರ್ಮಕ ಪಟ್ಟಿಯಲ್ಲಿತ್ತು. ‘ಹೀ ಸ್ಲೆಪ್ಟ್ ಎಯ್ಟ್ ಅವರ್ಸ್’ ಎಂಬಲ್ಲಿ ಕ್ರಿಯಾಪದದ ಮುಂದೆಯೇ ನಾಮಪದ ಬಂದಿದೆಯಲ್ಲ, ಅದೇ ಕರ್ಮ ಎಂದಳು. ‘ಶೀ ವೇಟೆಡ್ ಫಾರ್ ದಿ ಬಸ್’ ಎಂಬುದಕ್ಕೆ ‘ಏನನ್ನು ಕಾದಳು? ಬಸ್ಸನ್ನು ಕಾದಳು’ ಎಂದು ಕನ್ನಡದಲ್ಲಿ ಯೋಚಿಸಿ ಸಕರ್ಮಕ ಎಂದು ಬರೆದಳು. ಮೂರಕ್ಕೂ ಕೆಂಪು ಗೀಟು ಬಿದ್ದಿದೆ. ಅವಳು ಕಾರಣ ಕೇಳಿದರೆ ಉತ್ತರ ಹೇಳಲು ನನಗೆ ಆಗಲಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ನಿವೃತ್ತ ಪ್ರೌಢಶಾಲಾ ಶಿಕ್ಷಕ)

ಅಮ್ಮಾ, ಮೊದಲು ಆ ಎರಡು ಪಟ್ಟಿಗಳನ್ನು ಪಕ್ಕಕ್ಕಿಡಿ. ಇಂಗ್ಲಿಷಿನ ಬಹಳಷ್ಟು ಕ್ರಿಯಾಪದಗಳು ಎರಡೂ ಕಡೆ ನಿಲ್ಲುತ್ತವೆ: ‘ಸ್ಟಾಪ್’, ‘ಓಪನ್’, ‘ಬ್ರೇಕ್’, ‘ಬಾಯ್ಲ್’, ‘ಗ್ರೋ’, ‘ರಿಂಗ್’. ಹೀಗಾಗಿ ಸಕರ್ಮಕ, ಅಕರ್ಮಕ ಎಂಬುದನ್ನು ಪದವನ್ನು ಮಾತ್ರ ನೋಡಿ ಹೇಳಲು ಬರುವುದಿಲ್ಲ, ಆ ಪದ ಆ ವಾಕ್ಯದಲ್ಲಿ ಹೇಗೆ ಬಳಕೆಯಾಗಿದೆ ಎಂಬುದನ್ನು ನೋಡಿ ಹೇಳಬೇಕು. ನಿಘಂಟುಗಳು ಒಂದೇ ಕ್ರಿಯಾಪದದ ಒಂದು ಅರ್ಥಕ್ಕೆ ‘ಟಿ’ (ಟ್ರಾನ್ಸಿಟಿವ್, ಸಕರ್ಮಕ) ಎಂದೂ ಇನ್ನೊಂದು ಅರ್ಥಕ್ಕೆ ‘ಐ’ (ಇನ್‌ಟ್ರಾನ್ಸಿಟಿವ್, ಅಕರ್ಮಕ) ಎಂದೂ ಗುರುತು ಹಾಕುವುದು ಇದೇ ಕಾರಣಕ್ಕೆ. ಚಾಲಕನು ನಿಲ್ಲಿಸಿದಾಗ ಆ ಕೆಲಸ ಬಸ್ಸಿನ ಮೇಲೆ ಬಿತ್ತು, ಆದ್ದರಿಂದ ಬಸ್ಸು ಕರ್ಮ. ಎರಡನೆಯ ವಾಕ್ಯದಲ್ಲಿ ಬಸ್ಸೇ ಕರ್ತೃಸ್ಥಾನದಲ್ಲಿದೆ. ‘ನಿಯರ್ ದಿ ಬ್ರಿಜ್’ ಎಂಬುದು ಎಲ್ಲಿ ಎಂದು ಮಾತ್ರ ಹೇಳುತ್ತದೆ.

‘ಎಯ್ಟ್ ಅವರ್ಸ್’ ವಿಷಯದಲ್ಲಿ ಮಗು ಎಡವಿದ್ದು ಸಹಜವೇ. ನಾನು ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಎರಡು ವಾಕ್ಯಗಳನ್ನು ಒಂದರ ಕೆಳಗೊಂದು ಬರೆಯುತ್ತಿದ್ದೆ: ‘ಹೀ ಸ್ಲೆಪ್ಟ್ ಎಯ್ಟ್ ಅವರ್ಸ್’, ‘ಹೀ ಸ್ಪೆಂಟ್ ಎಯ್ಟ್ ಅವರ್ಸ್ ದೇರ್’. ನೋಡಲು ಅವಳಿ ಜವಳಿ. ಈಗ ಇವನ್ನೇ ಕನ್ನಡದಲ್ಲಿ ಹೇಳಿಸಿ. ‘ಎಂಟು ಗಂಟೆಯನ್ನು ಅಲ್ಲಿ ಕಳೆದನು’ ಎನ್ನಬಹುದು, ‘ಎಂಟು ಗಂಟೆಯನ್ನು ಮಲಗಿದನು’ ಎಂದು ಯಾರೂ ಹೇಳುವುದಿಲ್ಲ. ಮೊದಲ ವಾಕ್ಯದ ಎಂಟು ಗಂಟೆ ‘ಎಷ್ಟು ಹೊತ್ತು’ ಎಂಬ ಪ್ರಶ್ನೆಗೆ ಉತ್ತರ, ಎರಡನೆಯದರದು ‘ಏನನ್ನು’ ಎಂಬ ಪ್ರಶ್ನೆಗೆ ಉತ್ತರ. ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದರೂ ಇದೇ ಕಾಣುತ್ತದೆ: ‘ಎಯ್ಟ್ ಅವರ್ಸ್ ವರ್ ಸ್ಪೆಂಟ್ ದೇರ್’ ನಿಲ್ಲುತ್ತದೆ, ‘ಎಯ್ಟ್ ಅವರ್ಸ್ ವರ್ ಸ್ಲೆಪ್ಟ್’ ನಿಲ್ಲುವುದಿಲ್ಲ. ಕರ್ಮಣಿಗೆ ತಿರುಗಿದರೆ ಸಕರ್ಮಕ, ತಿರುಗದಿದ್ದರೆ ಅಕರ್ಮಕ. ಇದಕ್ಕಿಂತ ಗಟ್ಟಿಯಾದ ಒರೆಗಲ್ಲಿಲ್ಲ. ನಮ್ಮ ಮಕ್ಕಳು ‘ಆನ್ ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್’ ಎಂದು ಬರೆಯುವುದು ತಪ್ಪಾಗುವುದೂ ಇಲ್ಲಿಯೇ. ‘ಹ್ಯಾಪನ್’ ಎಂಬುದಕ್ಕೆ ಕರ್ಮವೇ ಇಲ್ಲವಾದ್ದರಿಂದ ಅದಕ್ಕೆ ಕರ್ಮಣಿ ರೂಪವೂ ಇಲ್ಲ.

ಉತ್ತರ 2

ಮೇಲಿನ ಉತ್ತರ ಬರೆದ ಗುರುಗಳಿಗೆ ವಂದನೆಗಳು. ಅವರ ಒರೆಗಲ್ಲಿನ ವಿಷಯದಲ್ಲಿ ಒಂದು ಮಾತು ಸೇರಿಸಬೇಕಾಗಿದೆ. ‘ಶೀ ರಿಸೆಂಬಲ್ಸ್ ಹರ್ ಮದರ್’, ‘ಹೀ ಹ್ಯಾಸ್ ಎ ಸೈಕಲ್’ ಎಂಬ ವಾಕ್ಯಗಳಲ್ಲಿ ಕರ್ಮವಿದೆ, ಆದರೆ ಅವು ಕರ್ಮಣಿಗೆ ತಿರುಗುವುದಿಲ್ಲ. ತಿರುಗಿದರೆ ಸಕರ್ಮಕ ಎಂಬುದನ್ನು ಸಾಮಾನ್ಯವಾಗಿ ನಂಬಬಹುದು. ತಿರುಗದಿದ್ದರೆ ಅಕರ್ಮಕ ಎಂದು ಕೂಡಲೇ ತೀರ್ಮಾನಿಸಬಾರದು. ಅಲ್ಲದೆ, ‘ಕೊಲ್ಲಲ್ಪಟ್ಟನು’ ಎಂಬಂಥ ರೂಪಗಳು ಕನ್ನಡದ ಆಡುಮಾತಿನಲ್ಲಿ ಅಪರೂಪವಾದ್ದರಿಂದ, ಎಂಟನೆಯ ತರಗತಿಯ ಮಗುವಿನ ಕಿವಿಗೆ ಈ ಪರೀಕ್ಷೆ ತಾನಾಗಿ ಹಿಡಿಯುವುದಿಲ್ಲ.

ಅವಳ ಕಿವಿಗೆ ಈಗಾಗಲೇ ಒಗ್ಗಿರುವುದು ‘ಇಸು’ ಪ್ರತ್ಯಯ. ನಿಲ್ಲು–ನಿಲ್ಲಿಸು, ಕುದಿ–ಕುದಿಸು, ಬೆಳೆ–ಬೆಳೆಸು, ತಿರುಗು–ತಿರುಗಿಸು. ಇಂಗ್ಲಿಷ್ ಒಂದೇ ಪದದಲ್ಲಿ ಮುಗಿಸುವ ಕಡೆ ಕನ್ನಡ ಸಾಮಾನ್ಯವಾಗಿ ಎರಡು ರೂಪ ಇಟ್ಟುಕೊಂಡಿದೆ. ಬಸ್ಸಿನ ವಾಕ್ಯವನ್ನು ಕನ್ನಡಕ್ಕೆ ತಂದಾಗ ಬಾಯಿಗೆ ‘ನಿಂತಿತು’ ಬಂದರೆ ಅಕರ್ಮಕ, ‘ನಿಲ್ಲಿಸಿದನು’ ಬಂದರೆ ಸಕರ್ಮಕ. ಇದಕ್ಕೂ ಮಿತಿಗಳಿವೆ. ‘ಪ್ರಯಾಣಿಸು’ ಎಂಬಲ್ಲಿ ಇಸು ಇದ್ದರೂ ಅದು ಅಕರ್ಮಕ, ಏಕೆಂದರೆ ಅಲ್ಲಿ ಇಸು ನಾಮಪದವನ್ನು ಕ್ರಿಯಾಪದವಾಗಿಸಲು ಬಂದಿದೆ. ಇನ್ನು ‘ಮುರಿ’, ‘ಒಡೆ’ ಎಂಬವು ಇಂಗ್ಲಿಷಿನ ‘ಬ್ರೇಕ್’ನಂತೆಯೇ ಎರಡೂ ಕಡೆ ಸಲ್ಲುತ್ತವೆ: ಗಡಿಗೆ ಒಡೆಯಿತು, ಗಡಿಗೆಯನ್ನು ಒಡೆದಳು.

ಇಂಗ್ಲಿಷಿನ ಪೂರ್ವಜ ಭಾಷೆಯಲ್ಲಿಯೂ ನಮ್ಮ ಇಸುವಿನಂಥ ಪ್ರೇರಣಾರ್ಥಕ ಪ್ರತ್ಯಯವೊಂದು ಇತ್ತು ಎಂಬುದನ್ನು ತಿಳಿದಾಗ ನನಗೆ ಬಹಳ ಸಂತೋಷವಾಗಿತ್ತು. ಪ್ರತ್ಯಯ ಕಾಲಕ್ರಮದಲ್ಲಿ ಸವೆದುಹೋಯಿತು, ಅದು ಬದಲಿಸಿದ ಸ್ವರ ಮಾತ್ರ ಉಳಿಯಿತು. ‘ಸಿಟ್’ ಎಂದರೆ ಕೂರು, ‘ಸೆಟ್’ ಎಂದರೆ ಮೂಲದಲ್ಲಿ ಕೂರಿಸು. ‘ಫಾಲ್’ ಬೀಳು, ‘ಫೆಲ್’ ಮರವನ್ನು ಬೀಳಿಸು. ‘ಲೈ’ ಮಲಗು, ‘ಲೇ’ ಮಲಗಿಸು. ತೋಯಿಸು ಎಂಬ ಅರ್ಥದಲ್ಲಿ ನಾವು ಇಂದು ಬಳಸುವ ‘ಡ್ರೆಂಚ್’ ಕೂಡ ಮೊದಲು ‘ಡ್ರಿಂಕ್’ನ ಜೋಡಿಯಾಗಿ ‘ಕುಡಿಸು’ ಎಂಬ ಅರ್ಥದಲ್ಲಿತ್ತು.

ಉತ್ತರ 3 (ಸಂಸ್ಕೃತ ಅಧ್ಯಾಪಕಿ)

‘ಶೀ ವೇಟೆಡ್ ಫಾರ್ ದಿ ಬಸ್’ ಎಂಬ ಮೂರನೆಯ ತಪ್ಪಿನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಯಾವುದನ್ನು ಕರ್ಮವೆಂದು ಎಣಿಸಬೇಕು ಎಂಬುದನ್ನು ಆಯಾ ಭಾಷೆಯೇ ನಿರ್ಧರಿಸುತ್ತದೆ. ಕರ್ತೃವು ತನ್ನ ಕ್ರಿಯೆಯಿಂದ ಎಲ್ಲಕ್ಕಿಂತ ಹೆಚ್ಚಾಗಿ ಪಡೆಯಬಯಸುವುದು ಕರ್ಮ ಎಂದು ಪಾಣಿನಿ ಹೇಳುತ್ತಾನೆ. ಆದ್ದರಿಂದ ‘ಗ್ರಾಮಂ ಗಚ್ಛತಿ’ ಎಂಬಲ್ಲಿ ಗ್ರಾಮವು ಕರ್ಮ, ಸಂಸ್ಕೃತದಲ್ಲಿ ‘ಹೋಗು’ ಎಂಬ ಧಾತು ಸಕರ್ಮಕ. ‘ಗ್ರಾಮಃ ಗಮ್ಯತೇ’ ಎಂಬ ಕರ್ಮಣಿ ಪ್ರಯೋಗವೂ ಅಲ್ಲಿ ಸರಿಯೇ. ಕನ್ನಡದವರು ಅದನ್ನೇ ‘ಊರಿಗೆ ಹೋಗುತ್ತಾನೆ’ ಎಂದು ಚತುರ್ಥಿಯಲ್ಲಿ ಹೇಳುತ್ತೇವೆ, ಇಂಗ್ಲಿಷಿನವರು ‘ಟು’ ಸೇರಿಸುತ್ತಾರೆ. ಸಕರ್ಮಕ, ಅಕರ್ಮಕ ಎಂಬ ಹೆಸರುಗಳು ನಮಗೆ ಸಂಸ್ಕೃತದಿಂದ ಬಂದಿದ್ದರೂ ಆ ಭಾಷೆಯ ಲೆಕ್ಕವನ್ನು ಇಂಗ್ಲಿಷಿಗೆ ಹಚ್ಚಲು ಬರುವುದಿಲ್ಲ.

ಬಸ್ಸನ್ನು ಕಾಯುವುದು ಕನ್ನಡದಲ್ಲಿ ಸಕರ್ಮಕವೇ, ಅಷ್ಟರ ಮಟ್ಟಿಗೆ ಮಗಳು ಹೇಳಿದ್ದು ಸರಿ. ಆದರೆ ಇಂಗ್ಲಿಷಿನ ‘ವೇಟ್’ ನೇರವಾಗಿ ಬಸ್ಸನ್ನು ತಲುಪುವುದಿಲ್ಲ, ನಡುವೆ ‘ಫಾರ್’ ಬೇಕು. ‘ಹಾಡನ್ನು ಕೇಳು’ ಎನ್ನುವಲ್ಲಿ ‘ಲಿಸನ್ ಟು’, ‘ಚಿತ್ರವನ್ನು ನೋಡು’ ಎನ್ನುವಲ್ಲಿ ‘ಲುಕ್ ಆಟ್’ ಬರುವುದೂ ಹೀಗೆಯೇ. ಶಾಲೆಯ ವ್ಯಾಕರಣ ಇವನ್ನು ಅಕರ್ಮಕ ಎಂದೇ ಎಣಿಸುತ್ತದೆ. ಇದರ ತದ್ವಿರುದ್ಧವೂ ಇದೆ, ಅಲ್ಲಿ ಆಗುವ ತಪ್ಪುಗಳೇ ಹೆಚ್ಚು. ನಾವು ‘ವಿಷಯದ ಬಗ್ಗೆ’ ಚರ್ಚಿಸುತ್ತೇವೆ, ಇಂಗ್ಲಿಷಿನ ‘ಡಿಸ್ಕಸ್’ಗೆ ‘ಅಬೌಟ್’ ಬೇಡ. ನಾವು ‘ಅವನಿಗೆ’ ಸಹಾಯ ಮಾಡುತ್ತೇವೆ, ಅಲ್ಲಿ ‘ಹೆಲ್ಪ್ ಹಿಮ್’ ಎಂದರೆ ಸಾಕು. ಕೋಣೆಯೊಳಗೆ ಹೋಗುವುದಕ್ಕೆ ‘ಎಂಟರ್ ದಿ ರೂಮ್’ ಎಂದಷ್ಟೇ ಹೇಳಬೇಕು, ‘ಇನ್‌ಟು’ ಸೇರಿಸಬಾರದು. ಇಂಥ ಪದಗಳನ್ನು ಇಡೀ ವಾಕ್ಯವಾಗಿಯೇ ಓದಿಸಿ, ಬರೆಸಿ. ಕನ್ನಡದ ವಿಭಕ್ತಿಯಿಂದ ಊಹಿಸಲು ಬಿಡಬೇಡಿ.

ಉತ್ತರ 1 ಬರೆದವರಿಂದ

‘ರಿಸೆಂಬಲ್’, ‘ಹ್ಯಾವ್’ ಕುರಿತ ತಿದ್ದುಪಡಿಯನ್ನು ಮನಸಾರೆ ಒಪ್ಪುತ್ತೇನೆ. ತರಗತಿಯಲ್ಲಿ ಸುಲಭವಾಗಲೆಂದು ಹೇಳುತ್ತ ಬಂದ ಮಾತನ್ನು ಇಲ್ಲಿಯೂ ನಿಯಮದಂತೆ ಬರೆದುಬಿಟ್ಟೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಒಲೆಯ ಮೇಲೆ ಹಾಲಿಟ್ಟಿದ್ದಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಹಾಲು ಕುದಿಯುತ್ತಿದೆ’, ‘ಅಮ್ಮ ಹಾಲನ್ನು ಕುದಿಸುತ್ತಿದ್ದಾಳೆ’ ಎಂಬ ಎರಡನ್ನೂ ಇಂಗ್ಲಿಷಿನಲ್ಲಿ ಹೇಳಿಸಿದೆ. ಎರಡಕ್ಕೂ ‘ಬಾಯ್ಲಿಂಗ್’ ಎಂದೇ ಬಂದಾಗ ಅವಳೇ ನಿಂತು ಯೋಚಿಸಿ, ಯಾವುದಕ್ಕೆ ಕರ್ಮವಿದೆ ಎಂದು ತಾನಾಗಿ ಹೇಳಿದಳು. ಆದರೆ ‘ಲೈ’, ‘ಲೇ’ ಜೋಡಿಯನ್ನು ನಿಘಂಟಿನಲ್ಲಿ ನೋಡುವಾಗ ‘ದಿ ಡಾಗ್ ಲೇ ಅಂಡರ್ ದಿ ಟ್ರೀ’ ಎಂಬ ವಾಕ್ಯ ಸಿಕ್ಕಿತು. ಇಲ್ಲಿ ‘ಲೇ’ ಇದೆ, ಕರ್ಮ ಇಲ್ಲ. ಇದು ಹೇಗೆ?

ಉತ್ತರ 2 ಬರೆದವರಿಂದ

ಮೇಡಂ, ಅಲ್ಲಿರುವ ‘ಲೇ’ ಬೇರೆ. ಅದು ಮಲಗು ಎಂಬ ‘ಲೈ’ ಪದದ ಭೂತಕಾಲದ ರೂಪ: ‘ಲೈ, ಲೇ, ಲೇನ್’. ಮಲಗಿಸು ಅಥವಾ ಇಡು ಎಂಬ ಅರ್ಥದ್ದು ‘ಲೇ, ಲೇಡ್, ಲೇಡ್’ ಎಂದಾಗುತ್ತದೆ. ನಾಯಿ ತಾನೇ ಮಲಗಿತ್ತು, ಆದ್ದರಿಂದ ಅಲ್ಲಿ ಕರ್ಮವಿಲ್ಲ. ‘ಶೀ ಲೇಡ್ ದಿ ಬೇಬಿ ಆನ್ ದಿ ಮ್ಯಾಟ್’ ಎಂದರೆ ಮಗುವನ್ನು ಚಾಪೆಯ ಮೇಲೆ ಮಲಗಿಸಿದಳು ಎಂದರ್ಥ, ಮಗು ಕರ್ಮ. ‘ಫೆಲ್’ ಪದದಲ್ಲಿಯೂ ಇದೇ ತೊಡಕಿದೆ: ‘ದಿ ಟ್ರೀ ಫೆಲ್’ ಎಂಬುದು ‘ಫಾಲ್’ನ ಭೂತಕಾಲ, ‘ದೇ ಫೆಲ್ಡ್ ದಿ ಟ್ರೀ’ ಎಂಬುದು ಮರವನ್ನು ಉರುಳಿಸಿದ್ದು. ಈ ನಾಲ್ಕು ವಾಕ್ಯಗಳನ್ನು ಮಗಳ ನೋಟ್‌ಪುಸ್ತಕದ ಒಂದೇ ಪುಟದಲ್ಲಿ, ಪಕ್ಕದಲ್ಲಿ ಕನ್ನಡದ ರೂಪಗಳ ಸಮೇತ ಬರೆಸಿಡಿ.