ಶಾಲಾ ವಾತಾವರಣ ಸರ್ವೆ: ಆಲ್ಫಾ ಮೈನಸ್ ಬರ್ತಿದೆ, ಯಾಕೆ?

ಹೇಮಾವತಿ_ದಂಡೆ:
ಸಕಲೇಶಪುರ ಕಡೆಯ ನಾಲ್ಕು ಸರ್ಕಾರಿ ಶಾಲೆಗಳ ಪೋಷಕರ ಸರ್ವೆ. ಗೂಗಲ್ ಫಾರ್ಮ್, 20 ಪ್ರಶ್ನೆ, ‘ಖಂಡಿತ ಒಪ್ಪುತ್ತೇನೆ’ಯಿಂದ ‘ಖಂಡಿತ ಒಪ್ಪುವುದಿಲ್ಲ’ದವರೆಗೆ ಐದು ಆಯ್ಕೆ. ಕ್ರೋನ್‌ಬಾಕ್ ಆಲ್ಫಾ (ಪ್ರಶ್ನೆಗಳ ಉತ್ತರ ಒಂದಕ್ಕೊಂದು ಎಷ್ಟು ಹೊಂದುತ್ತೆ ಅನ್ನೋ ಅಂಕಿ, 1ರ ಹತ್ತಿರ ಬಂದಷ್ಟೂ ಹೊಂದಿಕೆ ಜಾಸ್ತಿ) −0.15! ಮೈನಸ್ ಅಂತಲೂ ಇರುತ್ತಾ? ಶೀಟ್ಸ್‌ನಲ್ಲಿ ಸೂತ್ರ ಸರಿಯಾಗೇ ಇದೆ. ಸೋಮವಾರ ವರದಿ ಕೊಡಬೇಕು, ತಲೆ ಕೆಟ್ಟು ಗೊಬ್ಬರ ಆಗಿದೆ.

ಗಿರಿ_ಅಂಕಿ:
ಇರುತ್ತೆ. ಒಂದೊಂದು ಪ್ರಶ್ನೆಯ ವೇರಿಯನ್ಸ್ (ಉತ್ತರಗಳು ಎಷ್ಟು ಚದುರಿವೆ ಅನ್ನೋ ಲೆಕ್ಕ) ಕೂಡಿದ ಮೊತ್ತ, ಒಟ್ಟು ಅಂಕದ ವೇರಿಯನ್ಸ್‌ಗಿಂತ ದೊಡ್ಡದಾದ್ರೆ ಮೈನಸ್ಸೇ. ನೀವು ಉಲ್ಟಾ ಪ್ರಶ್ನೆಗಳನ್ನ ತಿರುಗಿಸಿಲ್ಲ. ‘ಮಗು ಶಾಲೆಗೆ ಹೋಗಲು ಹೆದರುತ್ತದೆ’ ಅನ್ನೋದಕ್ಕೆ 5 ಬಿದ್ದಿದ್ರೆ ಅದು 1 ಆಗಬೇಕು. 6ರಿಂದ ಕಳೆಯಿರಿ, ಮುಗೀತು.

ಹೇಮಾವತಿ_ದಂಡೆ:
ತಿರುಗಿಸಿದ್ದೀನಿ ಸರ್, ಎಂಟೂ ಪ್ರಶ್ನೆ. ಅಷ್ಟೂ ಗೊತ್ತಿಲ್ದೆ ಇಲ್ಲಿಗೆ ಬರ್ತೀನಾ?

ಗಿರಿ_ಅಂಕಿ:
ಹಾಗಾದ್ರೆ ಬೇರೆ ಎಂಟನ್ನ ತಿರುಗಿಸಿದ್ದೀರಿ. ಫಾರ್ಮ್‌ಗೆ ಆಮೇಲೆ ಸೇರಿಸಿದ ಪ್ರಶ್ನೆ ಶೀಟ್‌ನಲ್ಲಿ ಕೊನೇ ಕಾಲಂಗೆ ಹೋಗಿ ಕೂರುತ್ತೆ. ತಲೆಬರಹದ ಸ್ಕ್ರೀನ್‌ಶಾಟ್ ಹಾಕಿ.

ಮೂಡಿಗೆರೆ_ಮಳೆ:
ಗೂಗಲ್ ಫಾರ್ಮ್ ಬಿಡಿ ಮಾರಾಯ್ರೆ. ಘಟ್ಟದ ಕಡೆ ನೆಟ್‌ವರ್ಕ್ ಎಲ್ಲಿದೆ? ಕೋಬೋ ಅನ್ನೋ ಸರ್ವೆ ಆಪ್ ಹಾಕಿ. ತುಂಬಿದ ಫಾರ್ಮ್ ಫೋನಲ್ಲೇ ಉಳಿದು, ಸಿಗ್ನಲ್ ಸಿಕ್ಕಾಗ ಹೋಗುತ್ತೆ. ಶುರು ಮಾಡಿದ್ದು, ಮುಗಿಸಿದ್ದು ಎರಡೂ ಸಮಯ ದಾಖಲಾಗುತ್ತೆ.

ಗಿರಿ_ಅಂಕಿ:
ಆಪ್ ಬದಲಾಯಿಸಿದ್ರೆ ಆಲ್ಫಾ ಪ್ಲಸ್ ಆಗುತ್ತಾ?

ಮೂಡಿಗೆರೆ_ಮಳೆ:
1951ರ ಸೂತ್ರ ಹಿಡ್ಕೊಂಡು ಎಷ್ಟು ದಿನ ಜಗ್ತೀರಿ? ಅದೇ ಹೊಂದಿಕೆ ಅಳೆಯೋ ಒಮೆಗಾ ನೋಡಿ.

ಹೇಮಾವತಿ_ದಂಡೆ:
ನಿಮ್ಮಿಬ್ಬರ ಜಗಳ ಆಮೇಲೆ. ಸ್ಕ್ರೀನ್‌ಶಾಟ್ ಹಾಕಿದ್ದೀನಿ, ಕಾಲಂ ಎಲ್ಲ ಸರಿ ಇವೆ. ತಮಾಷೆ ಅಂದ್ರೆ ತಿರುಗಿಸೋ ಮುಂಚೆ 0.97 ಇತ್ತು. ಅದನ್ನೇ ಹಾಕಿಬಿಡ್ಲಾ?

ಬೇಲೂರು_ಬಳಪ:
ಬೇಡಿ. ರೋಗ ಇರೋದೇ ಆ 0.97ರಲ್ಲಿ. ‘ಟೀಚರ್ ಪ್ರೀತಿಯಿಂದ ಮಾತಾಡ್ತಾರೆ’ಗೂ ‘ಮಗು ಹೆದರುತ್ತದೆ’ಗೂ ಒಬ್ಬರೇ 5 ಕೊಟ್ಟಿದ್ದಾರೆ ಅಂತ ಅದರ ಅರ್ಥ. ಲೆಕ್ಕ ಹಾಕಿ ನೋಡಿ: 12 ನೇರ, 8 ಉಲ್ಟಾ ಪ್ರಶ್ನೆಗೆ ಎಲ್ಲರೂ ಮೇಲಿಂದ ಕೆಳಗೆ ಒಂದೇ ಕಾಲಂ ಒತ್ತಿದ್ರೆ, ತಿರುಗಿಸಿದ ಮೇಲೆ ಆಲ್ಫಾ −0.26 ಆಗುತ್ತೆ. ನಿಮ್ಮದು ಅದರ ಪಕ್ಕದಲ್ಲೇ ಇದೆ. ತಿರುಗಿಸದ ಶೀಟ್‌ನಲ್ಲಿ ಪ್ರತಿ ಸಾಲಿನ ವೇರಿಯನ್ಸ್ ತೆಗೀರಿ, ಸೊನ್ನೆ ಬಂದ ಸಾಲು ಎಣಿಸಿ. ಟೈಮ್‌ಸ್ಟಾಂಪ್ ಅಂತರವನ್ನೂ ನೋಡಿ. ಅಂದಹಾಗೆ ತುಂಬಿದ್ದು ಯಾರು, ಎಲ್ಲಿ ಕೂತು?

ಹೇಮಾವತಿ_ದಂಡೆ:
ಅದಕ್ಕೂ ಇದಕ್ಕೂ ಏನು ಸಂಬಂಧ ಮೇಡಂ? ಎಲ್ಲ ಕಡೆ ಮಾಡೋ ಹಾಗೇ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ದಿನ ಕ್ಲಾಸ್ ಟೀಚರ್ ಪ್ರಶ್ನೆ ಓದಿ, ಪೋಷಕರು ಹೇಳಿದ್ದನ್ನ ತಮ್ಮ ಫೋನಲ್ಲೇ ಒತ್ತಿದ್ರು. ಸೊನ್ನೆ ಸಾಲು ಅರ್ಧಕ್ಕಿಂತ ಜಾಸ್ತಿ. ಒಂದೂವರೆ ನಿಮಿಷಕ್ಕೊಂದು ಫಾರ್ಮ್ ಬಂದಿದೆ.

ಬೇಲೂರು_ಬಳಪ:
20 ಪ್ರಶ್ನೆ ಓದಿ, ಕೇಳಿ, ಯೋಚಿಸಿ ಹೇಳೋಕೆ ಒಂದೂವರೆ ನಿಮಿಷ ಸಾಕಾಗಲ್ಲ. ಟೀಚರ್ ಎದುರಿಗೆ ನಿಂತು ‘ಟೀಚರ್ ಹೇಗೆ?’ ಅಂತ ಕೇಳಿದ್ರೆ ‘ಎಲ್ಲಾ ಚೆನ್ನಾಗಿದೆ ಮಿಸ್’ ಅಂತಲೇ ಅನ್ನೋದು. ಇದನ್ನ ಯಾವ ಸೂತ್ರವೂ ತೊಳೆಯಲ್ಲ. ಮತ್ತೆ ಮಾಡೋದಾದ್ರೆ ಪಕ್ಕದ ಶಾಲೆಯವರೋ ಕಾಲೇಜು ಹುಡುಗರೋ ಓದಲಿ, ಆ ಶಾಲೆಯವರು ಯಾರೂ ಅಲ್ಲಿರಬಾರದು. ಕಾಗದದ ಮೇಲೆ ಪೋಷಕರೇ ಗುರುತು ಹಾಕಿ, ಮಡಚಿ ಪೆಟ್ಟಿಗೆಗೆ ಹಾಕಲಿ. ಓದು ಬಾರದವರಿಗೆ ಪ್ರತಿ ಪ್ರಶ್ನೆ ಪಕ್ಕ ಚಿತ್ರ ಇರಲಿ, ‘ಈಗ ಛತ್ರಿ ಚಿತ್ರದ ಸಾಲು’ ಅಂದ್ರೆ ಸಾಕು. ‘ಒಪ್ಪುತ್ತೇನೆ’ ಬಿಟ್ಟು ‘ಯಾವತ್ತೂ ಇಲ್ಲ, ಒಂದೆರಡು ಸಲ, ಆಗಾಗ, ದಿನಾ’ ಅಂತಿಡಿ. ‘ಶಾಲೆ ಸುರಕ್ಷಿತವೇ?’ ಅಂದ್ರೆ ಹೌದು ಅಂತಾರೆ. ‘ಕಳೆದ ತಿಂಗಳು ನಿಮ್ಮ ಮಗು ಶಾಲೆ ಶೌಚಾಲಯಕ್ಕೆ ಹೋಗದೆ ತಡೆದುಕೊಂಡು ಮನೆಗೆ ಬಂದದ್ದುಂಟೇ?’ ಅಂದ್ರೆ ನಿಜ ಹೊರಬೀಳುತ್ತೆ. ‘ಇಲ್ಲ’ದಲ್ಲಿ ಮುಗಿಯೋ ವಾಕ್ಯ ಬೇಡ, ‘ಹೌದು, ಇಲ್ಲ’ ಅಂತ ಉತ್ತರ ಬಂದ್ರೆ ಎಲ್ಲಿ ಒತ್ತೋದು? 12 ಪ್ರಶ್ನೆ ಸಾಕು. ಮೊದಲು ಐದಾರು ಜನಕ್ಕೆ ಓದಿ, ಏನು ಕೇಳಿದಂಗಾಯ್ತು ಅಂತ ಅವರ ಬಾಯಲ್ಲೇ ಹೇಳಿಸಿ.

ಸಭೆಗೆ ಬಂದವರು ಊರಿನವರು ತಾನೆ? ಲೈನ್ ಮನೆಯವರು, ಅಂದ್ರೆ ಎಸ್ಟೇಟ್ ಕೂಲಿಯವರು, ರೊಬಸ್ಟಾ ಕಾಫಿ ಕುಯ್ಲಿನಲ್ಲಿರ್ತಾರೆ. ಸಂಜೆ ಹಣ್ಣು ತೂಕ ಮುಗಿದ ಮೇಲೆ ಅಲ್ಲಿಗೇ ಹೋಗಿ, ತಮಿಳು ಬಲ್ಲವರೊಬ್ಬರನ್ನ ಕರ್ಕೊಂಡು.

ಅರಸೀಕೆರೆ_ತೆಂಗು:
ಕಾಗದ ಅಂದ್ರೆ ಎಂಟ್ರಿ ಯಾರು ಮಾಡ್ತಾರೆ? ನಮ್ಮಲ್ಲಿ ಓಎಂಆರ್ ಶೀಟು (ಹಾಕಿದ ಗುರುತನ್ನ ಯಂತ್ರವೇ ಓದೋ ಹಾಳೆ), ಎರಡು ಕಡೆ ಒಟ್ಟಿಗೆ ಓದೋ ಫೀಡರ್ ಸ್ಕ್ಯಾನರ್. ಕಾಗದ 80 ಜಿಎಸ್‌ಎಂಗಿಂತ ತೆಳು ಇದ್ರೆ ಎರಡೆರಡು ಹಾಳೆ ನುಂಗುತ್ತೆ, ಅದೊಂದೇ ಕಾಟ.

ಮೂಡಿಗೆರೆ_ಮಳೆ:
ಮಡಚಿ ಪೆಟ್ಟಿಗೆಗೆ ಹಾಕಿದ ಹಾಳೆ ಫೀಡರ್‌ನಲ್ಲಿ ಹೋಗುತ್ತಾ? ನಮ್ಮ ಆರು ಟ್ಯಾಬ್‌ಗೆ ಆ ತಾಪತ್ರಯ ಇಲ್ಲ.

ಅರಸೀಕೆರೆ_ತೆಂಗು:
ಲಕೋಟೆ ಕೊಡಿ, ಮಡಚೋದ್ಯಾಕೆ? ಮಳೆಗಾಲದಲ್ಲಿ ಟ್ಯಾಬ್ ಚಾರ್ಜ್ ಹೇಗೆ ಮಾಡ್ತೀರೋ ನೋಡ್ತೀನಿ.

ಹೇಮಾವತಿ_ದಂಡೆ:
ಸೋಮವಾರದ ಗತಿ ಹೇಳ್ರಪ್ಪ!

ಬೇಲೂರು_ಬಳಪ:
ಅಂಕ, ಗ್ರಾಫ್ ಕೊಡಬೇಡಿ. ಡೇಟಾ ಹೇಗೆ ಬಂತು, ಎಷ್ಟು ಸಾಲು ಒಂದೇ ಉತ್ತರ, ಯಾವ ಪೋಷಕರು ಬಿಟ್ಟುಹೋದ್ರು, ಇಷ್ಟನ್ನ ಒಂದು ಪುಟದಲ್ಲಿ ಬರೆದು ಇದು ಪ್ರಾಯೋಗಿಕ ಸುತ್ತು ಅನ್ನಿ. ಶಾಲೆ-ಶಾಲೆ ಹೋಲಿಕೆಯಂತೂ ಬೇಡ. ಮುಂದಿನ ಸುತ್ತಿನಲ್ಲೂ ಒಂದು ಗುಂಪಿನಲ್ಲಿ 10ಕ್ಕಿಂತ ಕಡಿಮೆ ಜನ ಇದ್ರೆ ಆ ಗುಂಪಿನ ಅಂಕ ಬೇರೆ ತೋರಿಸಬೇಡಿ. ಸಣ್ಣ ಶಾಲೆಯಲ್ಲಿ ತರಗತಿ, ಲಿಂಗ, ಜಾತಿ ಮೂರೂ ಕೇಳಿದ್ರೆ ಹೆಸರು ಬರೆಸಿಕೊಂಡ ಹಾಗೇ.

ಗಿರಿ_ಅಂಕಿ:
ಎಲ್ಲ ಸರಿ. ಆದ್ರೂ 14ನೇ ಕಾಲಂ ಇನ್ನೊಮ್ಮೆ ನೋಡಿ, ನನಗೆ ಅನುಮಾನ.

ಕೊಪ್ಪ_ಕಿರಿಯ:
ನಡುವೆ ಬಂದೆ, ಕ್ಷಮಿಸಿ. ನಮ್ಮ ಶಾಲೇಲಿ ಒಟ್ಟು ಏಳೇ ಮನೆ. ಇಂಥಲ್ಲಿ ಸರ್ವೆ ಮಾಡೋದಾ, ಕೂರಿಸಿ ಮಾತಾಡೋದಾ?