ವಿಐಎ ತಪಾಸಣೆ: ಆರೇ ಸ್ಪೆಕ್ಯುಲಂ, ಬೋರಿನ ನೀರು, ಅನುಮಾನದ ಬಿಳಿ

ಪ್ರಶ್ನೆ (ಸಿಎಚ್‌ಒ ಅಂದರೆ ಸಮುದಾಯ ಆರೋಗ್ಯ ಅಧಿಕಾರಿ, ಇಂಡಿ ತಾಲೂಕು)

ಉಪಕೇಂದ್ರದಲ್ಲಿ ವಾರಕ್ಕೊಂದು ದಿನ 30ರಿಂದ 65 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ (ವಿಐಎ: ಗರ್ಭಕೊರಳಿಗೆ ತೆಳು ಅಸಿಟಿಕ್ ಆಸಿಡ್ ಹಚ್ಚಿ ಬಿಳಿ ಕಲೆ ಬರುತ್ತದೆಯೇ ಎಂದು ಕಣ್ಣಿಂದ ನೋಡೋದು) ಇದೆ. ಸ್ಪೆಕ್ಯುಲಂ (ಯೋನಿಯನ್ನು ಅಗಲಿಸಿ ಗರ್ಭಕೊರಳು ಕಾಣುವಂತೆ ಮಾಡುವ ಉಪಕರಣ) ಇರೋದು ಆರು, ಬರೋರು 20 ದಾಟುತ್ತಾರೆ. ಆಟೋಕ್ಲೇವ್ (ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರ) ಇಲ್ಲ, ಕುದಿಸೋದೇ. ನೀರು ಬೋರಿನದು. ಆಸಿಡ್ ಹಚ್ಚಿದ ಮೇಲೆ ಬಹಳ ಜನರಲ್ಲಿ ಏನೋ ಒಂದು ಬಿಳಿ ಕಾಣುತ್ತದೆ. ಯಾವುದನ್ನು ಪಾಸಿಟಿವ್ ಅನ್ನಬೇಕು? 50 ದಾಟಿದವರಲ್ಲಿ ಏನೂ ಕಾಣದಿದ್ದರೆ ನೆಗೆಟಿವ್ ಬರೆಯಬಹುದೇ?

ಉತ್ತರ 1 (ಸ್ಟಾಫ್ ನರ್ಸ್, ಅಥಣಿ)

ಮೊದಲು ಲೆಕ್ಕ ಹಾಕ್ರಿ. ಬಳಸಿದ ಸ್ಪೆಕ್ಯುಲಂ 0.5% ಕ್ಲೋರಿನ್ ನೀರಾಗ 10 ನಿಮಿಷ, ಆಮೇಲೆ ಸಾಬೂನು ಹಚ್ಚಿ ಬ್ರಶ್‌ಲೆ ತಿಕ್ಕೋದು, ನೀರು ಕುದಿಯಾಕ ಹತ್ತಿದ ಮೇಲೆ 20 ನಿಮಿಷ, ಆರಾಕ 10. ತಿಕ್ಕೋದು, ನೀರು ಕಾಯಿಸೋದು ಸೇರಿ ಒಂದು ಸುತ್ತಿಗೆ 50 ನಿಮಿಷ ಬೇಕ. ಆರು ಮಂದಿ ನೋಡಾಕ 45 ನಿಮಿಷ ಹಿಡಿದ್ರ, ಮುಂಜಾನೆ 9:30ಕ್ಕ ಶುರುವಾಗಿ ಮೂರು ಸುತ್ತು, 18 ಮಂದಿ ಮುಗಿಯೋದ್ರಾಗ 1:30 ಆಗತೈತಿ. ಅಲ್ಲಿಗೆ ನಿಲ್ಲಿಸ್ರಿ, ಉಳಿದವರ ಹೆಸರು ಮುಂದಿನ ವಾರಕ್ಕ ಬರೀರಿ. ಮಂದಿ ಕಾಯ್ತಾರಂತ 20 ನಿಮಿಷ ಮುರೀಬ್ಯಾಡ್ರಿ. ಕುದಿಯೋ ನಡುವ ಇನ್ನೊಂದು ಸ್ಪೆಕ್ಯುಲಂ ಹಾಕಿದ್ರ ಎಣಿಕಿ ಮತ್ತ ಮೊದಲಿಂದ.

ಬೋರಿನ ನೀರಾಗ ಕುದಿಸಿದ್ರ ಸುಣ್ಣ ಕೂತು ಸ್ಕ್ರೂ ಬಿಗಿತೈತಿ, ಒಳಗ ತಗದಾಗ ಚಿವುಟಿದಂಗಾಗತೈತಿ. ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತರಿಸ್ರಿ. ಕ್ಲೋರಿನ್‌ದಾಗ 10 ನಿಮಿಷದ ಮ್ಯಾಲೆ ಬಿಟ್ರ ತುಕ್ಕು.

ಆಸಿಡ್: 95 ಮಿ.ಲೀ. ಡಿಸ್ಟಿಲ್ಡ್ ವಾಟರಿಗೆ 5 ಮಿ.ಲೀ. ಗ್ಲೇಶಿಯಲ್ (ನೀರು ಬೆರೆಸದ) ಅಸಿಟಿಕ್ ಆಸಿಡ್. ನೀರಿಗೆ ಆಸಿಡ್ ಹಾಕ್ರಿ, ಆಸಿಡಿಗೆ ನೀರಲ್ಲ. ದಿನಾ ಹೊಸಾದು, ಸಂಜಿಗೆ ಉಳಿದದ್ದು ಚೆಲ್ಲೋದು. ಗ್ಲೇಶಿಯಲ್ 16.6 ಡಿಗ್ರಿಗೇ ಗಟ್ಟಿಯಾಗತೈತಿ, ನಮ್ಮ ಕಡೆ ಡಿಸೆಂಬರ್ ಚಳಿಗೆ ಬಾಟಲಿಯಾಗ ಹರಳು ಕಾಣ್ತಾವ. ಉಗುರುಬೆಚ್ಚಗಿನ ನೀರಾಗಿಟ್ಟು ಪೂರ್ತಿ ಕರಗಿಸಿಯೇ ಅಳೀರಿ. ಆ ಬಾಟಲಿ ಪರೀಕ್ಷೆ ಕೋಣ್ಯಾಗ ಇರಬಾರದು. ತಪ್ಪಿ ನೇರ ಹಚ್ಚಿದ್ರ ಸುಡತೈತಿ.

ಉತ್ತರ 2 (ಸ್ತ್ರೀರೋಗ ತಜ್ಞೆ, ಬಾಗಲಕೋಟೆ)

ಬಿಳಿಯ ಗೊಂದಲಕ್ಕೆ ಮುಖ್ಯ ಕಾರಣ ಗಡಿಯಾರ ನೋಡದಿರುವುದು. ಬಿಳಿ ಸೆರಗನ್ನು ಮೆಲ್ಲಗೆ ಒರೆಸಿ, ಎಸ್‌ಸಿಜೆ ಗೆರೆ (ಗರ್ಭಕೊರಳಿನ ಹೊರಪದರ ಮತ್ತು ಒಳಪದರ ಕೂಡುವ ಗಡಿ) ಗುರುತಿಸಿ, ಹತ್ತಿಯನ್ನು ಆಸಿಡ್‌ನಲ್ಲಿ ಚೆನ್ನಾಗಿ ನೆನೆಸಿ ಹಚ್ಚಿ, ಪೂರ್ತಿ 1 ನಿಮಿಷ ಕಾಯಿರಿ. ಹಳದಿ ಬಲ್ಬು ಬೇಡ, ಬಿಳಿ ಎಲ್‌ಇಡಿ ಟಾರ್ಚ್ ಇರಲಿ. ಕರೆಂಟು ಹೋದರೂ ನಡೆಯುತ್ತದೆ.

ದಟ್ಟ ಬಿಳಿ, ಸ್ಪಷ್ಟ ಅಂಚು, ಎಸ್‌ಸಿಜೆಗೆ ತಾಗಿದ್ದರೆ ಪಾಸಿಟಿವ್. ಮಸುಕಾಗಿ ಹರಡಿ ಬೇಗ ಮಾಯವಾಗುವ ಬಿಳಿ, ಗೆರೆಯಿಂದ ದೂರದ ತೇಪೆಗಳು, ಗುಳ್ಳೆಯಂಥ ಚುಕ್ಕಿಗಳು ಪಾಸಿಟಿವ್ ಅಲ್ಲ. ಹೂಕೋಸಿನಂತೆ ಬೆಳೆದಿದ್ದರೆ, ಮುಟ್ಟಿದರೆ ರಕ್ತ ಬಂದರೆ, ಆಸಿಡ್ ಹಚ್ಚುತ್ತಾ ಕೂರಬೇಡಿ, ಅದೇ ದಿನ ಕಳಿಸಿ.

ಮುಟ್ಟು ನಿಂತವರಲ್ಲಿ ಎಸ್‌ಸಿಜೆ ಒಳಗೆ ಸರಿದಿರುತ್ತದೆ. ಅಲ್ಲಿ ನೆಗೆಟಿವ್ ಎಂದು ಬರೆಯುವುದು ದೊಡ್ಡ ತಪ್ಪು. ಆಕೆ ಐದು ವರ್ಷ ನಿಶ್ಚಿಂತೆಯಿಂದ ಇದ್ದುಬಿಡುತ್ತಾಳೆ. "ಎಸ್‌ಸಿಜೆ ಕಾಣಲಿಲ್ಲ" ಎಂದೇ ಬರೆದು ಎಚ್‌ಪಿವಿ (ಈ ಕ್ಯಾನ್ಸರಿಗೆ ಕಾರಣವಾಗುವ ವೈರಸ್) ಪರೀಕ್ಷೆಗೆ ಕಳಿಸಿ. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಮೊದಲ ಆಯ್ಕೆಯಾಗಿ ಹೇಳುತ್ತಿರುವುದೂ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನೇ. ಮಾದರಿಯನ್ನು ಹೆಣ್ಣುಮಗಳು ತಾನೇ ತೆಗೆದುಕೊಡಬಹುದು. ಮುಟ್ಟು ನಿಂತ ಮೇಲೆ ರಕ್ತ ಕಂಡವರನ್ನು ನೇರ ತಜ್ಞರ ಬಳಿಗೆ ಕಳಿಸಿ.

ಸಿಎಚ್‌ಒ, ಇಂಡಿ: ಪಾಸಿಟಿವ್ ಬಂದವರು ವಿಜಯಪುರಕ್ಕೆ ಹೋಗೋದೇ ಇಲ್ಲ. ಏನು ಮಾಡೋದು?

ಉತ್ತರ 3 (ಸ್ತ್ರೀರೋಗ ತಜ್ಞೆ, ಬಾಗಲಕೋಟೆ)

ಚಿಕಿತ್ಸೆಯೇ ಹತ್ತಿರ ಬರಲಿ. ತರಬೇತಿ ಪಡೆದ ವೈದ್ಯರು ಥರ್ಮಲ್ ಅಬ್ಲೇಶನ್ ಯಂತ್ರ (ಕಲೆಯನ್ನು ಬಿಸಿಯಿಂದ ಸುಡುವ ಯಂತ್ರ) ತರುವ ದಿನವನ್ನು ತಾಲೂಕು ಆಸ್ಪತ್ರೆಯಲ್ಲಿ ನಿಗದಿ ಮಾಡಿಸಿ, ಆ ದಿನವೇ ಎಲ್ಲರನ್ನೂ ಒಟ್ಟಿಗೆ ಕರೆದೊಯ್ಯಿರಿ. 100 ಡಿಗ್ರಿಯ ಪ್ರೋಬ್ ಒಮ್ಮೆಗೆ 20-30 ಸೆಕೆಂಡು, ಅಷ್ಟೇ. ಕಲೆ ಪೂರ್ತಿ ಕಾಣಬೇಕು, ಒಳಗಿನ ಕಾಲುವೆಗೆ ಹಬ್ಬಿರಬಾರದು, ಕ್ಯಾನ್ಸರಿನ ಅನುಮಾನ ಇರಬಾರದು. ಇಲ್ಲದಿದ್ದರೆ ಕಾಲ್ಪೋಸ್ಕೋಪಿ (ಗರ್ಭಕೊರಳನ್ನು ದೊಡ್ಡದಾಗಿ ತೋರಿಸುವ ಯಂತ್ರದಿಂದ ಪರೀಕ್ಷೆ) ಬೇಕೇ ಬೇಕು. ನಂತರ ನಾಲ್ಕು ವಾರದವರೆಗೂ ಯೋನಿಯಿಂದ ನೀರಿನಂತೆ ಹೋಗಬಹುದು. ಇದನ್ನು ಮೊದಲೇ ಹೇಳದಿದ್ದರೆ ಹೆದರಿ ಊರಿಗೆಲ್ಲ ಸುದ್ದಿ ಹಬ್ಬುತ್ತದೆ. ಅಷ್ಟು ದಿನ ಗಂಡನ ಜೊತೆ ಕೂಡಬಾರದು, ಇದನ್ನು ಗಂಡನಿಗೂ ಹೇಳಿ. ಜ್ವರ, ನಾತ, ಹೆಚ್ಚು ರಕ್ತ ಕಂಡರೆ ಮರಳಿ ಬರಬೇಕು. ಒಂದು ವರ್ಷಕ್ಕೆ ಮತ್ತೆ ನೋಡಬೇಕು.

ತಾಂಡಾದವರನ್ನು ಮುಂಗಾರಿನಲ್ಲೇ ತಪಾಸಣೆ ಮಾಡಿ, ದಸರೆಯೊಳಗೆ ಚಿಕಿತ್ಸೆ ಮುಗಿಸಿ. ಕಬ್ಬು ಕಡಿಯಲು ಹೊರಟರೆ ಯುಗಾದಿವರೆಗೂ ಸಿಗುವುದಿಲ್ಲ.