ಸಹಾಯ ಬೇಕು: ಒಂದೇ ಹೊತ್ತಿನ ಎರಡು ಕೆಲಸ ಚಾರ್ಟಿನಲ್ಲಿ ತೋರಿಸುವುದು ಹೇಗೆ?

ಮಂಗಳೂರು ಆಚೀಚೆ ಬೀಡಿ ಕಟ್ಟುವ ಹೆಂಗಸರ ದಿನಚರಿಯ ಎ3 ಪೋಸ್ಟರ್ ಮಾಡ್ತಿದ್ದೇವೆ, ಗ್ರಾಮಸಭೆಯಲ್ಲಿ ಅಂಟಿಸ್ಲಿಕ್ಕೆ. ಸಂಬಳ ಇಲ್ಲದ ಮನೆಗೆಲಸವೂ ಕೆಲಸ ಅಂತ ಕಾಣಬೇಕು, ಉದ್ದೇಶ ಅದೇ. ಡೇಟಾ ಅರ್ಧ ಗಂಟೆಯ 48 ಸ್ಲಾಟಿನಲ್ಲಿ ಉಂಟು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಹಾಗೆಯೇ ಒಂದು ಸ್ಲಾಟಿಗೆ ಮೂರು ಕೆಲಸದವರೆಗೆ ಬರೆದುಕೊಂಡದ್ದು.

ತೊಡಕು ಇಲ್ಲಿ: ತಡ್ಪೆ (ಮೊರ) ಮಡಿಲಲ್ಲಿಟ್ಟು ಬೀಡಿ ಕಟ್ಟುವಾಗಲೇ ಮಗು ನೋಡುವುದೂ, ಒಲೆ ಮೇಲಿನ ಗಂಜಿಗೆ ಕಣ್ಣಿಡುವುದೂ ನಡೀತದೆ. ಮುಖ್ಯ ಕೆಲಸ ಮಾತ್ರ ತೆಗೊಂಡ್ರೆ ಮಗು ಮಾಯ. ಎಲ್ಲ ಕೂಡಿಸಿದ್ರೆ ಸ್ಟ್ಯಾಕ್ಡ್ ಬಾರ್ (ಒಂದರ ಮೇಲೊಂದು ಪೇರಿಸಿದ ಪಟ್ಟಿ) 24 ಗಂಟೆ ದಾಟ್ತದೆ. ಸಭೆಯಲ್ಲಿ ಒಬ್ಬರು ಎದ್ದು ಲೆಕ್ಕವೇ ತಪ್ಪು ಅಂದ್ರೆ ಮುಗೀತು ಮಾರ್ರೆ. 15 ನಿಮಿಷ ಇದಕ್ಕೆ, 15 ಅದಕ್ಕೆ ಅಂತ ಹಂಚಿಯೂ ಆಯ್ತು. ಮೊತ್ತ ಸರಿ ಬಂತು, ಆದರೆ ಎರಡೂ ಕೆಲಸ ಅರ್ಧಕ್ಕೆ ಇಳೀತು.

ಈಗ ಒಬ್ಬೊಬ್ಬರಿಗೆ ಒಂದು ಸಾಲು: ಮುಖ್ಯ ಕೆಲಸ ದಪ್ಪ ಪಟ್ಟಿ, ಜೊತೆಯದ್ದು ಕೆಳಗೆ ತೆಳು ಪಟ್ಟಿ. ತೆಳುವಾದ ಕೂಡಲೇ ಮಗು ನೋಡುವುದು ಪುನಃ ಚಿಲ್ಲರೆ ಕೆಲಸದ ಹಾಗೆ ಕಾಣ್ತದೆ! (ಬಣ್ಣದ ತಲೆಬಿಸಿ ಇಲ್ಲ, ಗುಲಾಬಿ-ನೀಲಿ ಬಿಟ್ಟು ನೇರಳೆ-ಹಳದಿ ಹಾಕಿದ್ದೇವೆ.)

ಸಂಬಳ ಇಲ್ಲದ ಮನೆಗೆಲಸಕ್ಕೆ ದಿನಕ್ಕೆ ಹೆಂಗಸರು 299 ನಿಮಿಷ, ಗಂಡಸರು 97 ನಿಮಿಷ ಅಂತ ಆ ಸಮೀಕ್ಷೆಯಲ್ಲಿ ಉಂಟಲ್ಲ, ಅದನ್ನು ಪಕ್ಕದಲ್ಲಿ ಹಾಕ್ತಿಲ್ಲ. ಅದು ಮನೆಗೆಲಸ ಮಾಡಿದವರ ಸರಾಸರಿ ಮಾತ್ರ. ಮಾಡಿದವರು ಹೆಂಗಸರಲ್ಲಿ ಶೇ. 81.2, ಗಂಡಸರಲ್ಲಿ ಶೇ. 26.1.

ಎರಡೂ ಪಟ್ಟಿ ಸಮ ದಪ್ಪ ಇಟ್ಟು, ಸಾಲಿನ ಕೊನೆಗೆ 'ಗಡಿಯಾರದ ಗಂಟೆ' (ನಿಜಕ್ಕೂ ಕಳೆದ ಹೊತ್ತು), 'ಕೆಲಸದ ಗಂಟೆ' (ಜೊತೆಯ ಕೆಲಸವನ್ನೂ ಕೂಡಿಸಿದ್ದು) ಅಂತ ಎರಡು ಮೊತ್ತ ಬರೆದ್ರೆ ಚಾರ್ಟ್ ಓದಿ ಅಭ್ಯಾಸ ಇಲ್ಲದವರಿಗೆ ಅರ್ಥ ಆದೀತಾ? ಇಲ್ಲದಿದ್ರೆ ಬೇರೆ ಯಾವ ನಮೂನೆಯ ಚಾರ್ಟ್ ಹಾಕಬಹುದು?